ಹದಿನಾಲ್ಕಕ್ಕೆ ಮೂರನೇ ಕರೆ

ಅರ್ವೋ ಹಾಪಾಲಾ ಸತ್ತದ್ದು ಅಡುಗೆಮನೆಯ ಮೇಜಿನ ಮುಂದೆ, ಕಾಲಿನ ಬೂಟು ಬಿಚ್ಚದೆ. ಹೆದ್ದಾರಿಯಲ್ಲಿ ಮಗುಚಿದ್ದ ಮರದ ದಿಮ್ಮಿಗಳ ಲಾರಿಯಿಂದ ಡ್ರೈವರನನ್ನು ಹೊರಗೆಳೆದು ಆಗಷ್ಟೇ ಬಂದಿದ್ದ. ಹೆಂಡತಿ ಐಲಿ ಎಂದಿನಂತೆ ಅವನ ಊಟದ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿ ಒಲೆಯ ಮೇಲಿಟ್ಟಿದ್ದಳು. ಅದನ್ನು ತಂದು ಮುಂದಿಡುವಷ್ಟರಲ್ಲಿ ಅವನು ತಲೆಯನ್ನು ಮೇಜಿಗೆ ಆನಿಸಿಬಿಟ್ಟಿದ್ದ. ಸುಸ್ತಿಗೆ ನಿದ್ದೆ ಹತ್ತಿದೆ ಅಂದುಕೊಂಡು ಐಲಿ ಎರಡು ಮಾತು ಬೈದಳು ಕೂಡ.

ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ದಂಡೆಯ ಸ್ಪ್ರೂಸ್ ಬೇ ಊರಿನಲ್ಲಿ ಬೆಂಕಿ ಆರಿಸಲು ಸಂಬಳದ ಜನರಿಲ್ಲ. ರೇಡಿಯೊ ಕೂಗಿತೆಂದರೆ ಬಡಗಿ, ಮೀನಿನವನು, ಕ್ಷೌರದವನು ಕೈಲಿದ್ದದ್ದನ್ನು ಬಿಟ್ಟು ಓಡಬೇಕು. ಅರ್ವೋ ಶಾಲೆಯ ಬಸ್ ಓಡಿಸುತ್ತಿದ್ದ, ಉಳಿದ ಹೊತ್ತೆಲ್ಲ ಊರಿಗಾಗಿ ತಾನೇ ಓಡುತ್ತಿದ್ದ. ಒಂಟಿ ಮುದುಕಿಯರ ಅಂಗಳದ ಹಿಮ ಎತ್ತುವವನು ಅವನೇ, ಚಳಿ ಬೀಳುವ ಮುಂಚೆ ಅವರ ಚಿಮಣಿ ಹತ್ತಿ ಮಸಿ ಉಜ್ಜುವವನೂ ಅವನೇ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಐಲಿ ರೇಗುತ್ತಿದ್ದಳು. ಅದು ಅನ್ಯಾಯದ ಮಾತು. ವಾತದಿಂದ ಅವಳ ಬೆರಳು ಸೊಟ್ಟಗಾದ ಮೇಲೆ ದಿನಾ ಬೆಳಿಗ್ಗೆ ಕೂತು ಅವಳ ತಲೆ ಬಾಚಿ, ಪಿನ್ನು ಚುಚ್ಚಿ, ಆಮೇಲೇ ಬಸ್ಸಿಗೆ ಹೋಗುತ್ತಿದ್ದವನು ಆ ಮಾರಿಯೇ ತಾನೆ?

ಮಗಳು ಕಾರಿನ್‌ಗೆ ಜಿಲ್ಲೆಯ ತುರ್ತು ಕರೆಯ ಕೊಠಡಿಯಲ್ಲಿ ಕೆಲಸ. ಎಲ್ಲಿ ಏನೇ ಆಗಲಿ, ಬೆಂಕಿ ದಳದ ಹುಡುಗರನ್ನು ರೇಡಿಯೊದಲ್ಲಿ ಕರೆಯುವವಳು ಅವಳು. ಅಲ್ಲಿ ಹೆಸರಿಲ್ಲ, ಬರೀ ನಂಬರು. ಅಪ್ಪನದು ಹದಿನಾಲ್ಕು. "ಹದಿನಾಲ್ಕು" ಎಂದು ಅವಳು ಕರೆದರೆ ಅವನು ಮಾತ್ರ, ನಿಯಮ ಗಾಳಿಗೆ ತೂರಿ, "ಬಂದೆ ಮಗಳೇ" ಅನ್ನುತ್ತಿದ್ದ.

"ರೇಡಿಯೊದಲ್ಲಿ ಮಗಳೂ ಇಲ್ಲ, ಮಾವನೂ ಇಲ್ಲ ಕಣಯ್ಯ" ಎಂದು ದಳದ ಮುಖ್ಯಸ್ಥ ಡುವೇನ್ ಗದರಿದರೆ, "ಹಂಗಾದ್ರೆ ಬೇರೆ ಯಾರನ್ನಾದ್ರೂ ಹುಟ್ಟಿಸ್ಬೇಕಿತ್ತು ನಾನು" ಅನ್ನುವುದು ಅರ್ವೋನ ಉತ್ತರ.

ಐಲಿಯದು ಇನ್ನೊಂದು ಕಾಟ. ಗಂಡ ತಡವಾದಾಗಲೆಲ್ಲ ಮಗಳಿಗೆ ಫೋನು.

"ಊಟ ಆರ್ತಾ ಇದೆ ಅಂತ ನಿಮ್ಮಪ್ಪನಿಗೆ ಹೇಳೇ."

"ಅಮ್ಮ, ಅದನ್ನೆಲ್ಲ ರೇಡಿಯೊದಲ್ಲಿ ಹೇಳಕ್ಕಾಗಲ್ಲ. ಇಡೀ ಜಿಲ್ಲೆ ಕೇಳಿಸ್ಕೊಳ್ಳುತ್ತೆ."

"ಕೇಳಿಸ್ಕೊಳ್ಳಲಿ ಬಿಡು. ಅವರೂ ಮನೆಗೆ ಹೋಗಿ ಉಣ್ಣಲಿ."

ಕಾರಿನ್ ಒಂದು ಸಲವೂ ಹೇಳಲಿಲ್ಲ.

ದಳದವರು ಸತ್ತರೆ ಇಲ್ಲಿ ಒಂದು ಪದ್ಧತಿಯಿದೆ. ಶವದ ಪೆಟ್ಟಿಗೆಯ ಮುಂದೆ ನಿಂತು, ರೇಡಿಯೊದಲ್ಲಿ ಅವರ ನಂಬರನ್ನು ಮೂರು ಸಲ ಕರೆಯಬೇಕು. ಮೂರನೆಯದಕ್ಕೂ ಉತ್ತರ ಬಾರದಿದ್ದರೆ, "ಉತ್ತರವಿಲ್ಲ, ಇವರ ಕೆಲಸ ಮುಗಿಯಿತು" ಎಂದು ಸಾರಬೇಕು. ಆಗಲೇ ಪೆಟ್ಟಿಗೆ ಎತ್ತುವುದು. ಕಾರಿನ್ ಅದನ್ನು ಬೇರೆಯವರಿಗಾಗಿ ಮಾಡಿದ್ದಳು. ಅಪ್ಪನಿಗೆ ಮಾಡಲಾರೆ ಎಂದು ಹಟ ಹಿಡಿದಳು. ತನ್ನ ಬಾಯಿಂದಲೇ ಉತ್ತರವಿಲ್ಲ ಅಂದುಬಿಟ್ಟರೆ ಮುಂದೆ ಯಾವ ಆಸೆಗೆ ಕರೆಯ ಕೊಠಡಿಯ ಆ ಕುರ್ಚಿಯಲ್ಲಿ ಕೂರುವುದು?

"ಡುವೇನ್ ಕರೀಲಿ ಬಿಡಮ್ಮ."

"ಡುವೇನ್ ಕರೆದ್ರೆ ಯಾವತ್ತು ನೆಟ್ಟಗೆ ಓಗೊಟ್ಟಿದ್ದಾನೆ ನಿಮ್ಮಪ್ಪ? ನೀನೇ ಕರಿ" ಎಂದಳು ಐಲಿ. ಗಂಡ ಹೋದಾಗಿನಿಂದ ಅವಳ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ಮಣ್ಣು ಮಾಡುವ ದಿನ ಬೆಳಿಗ್ಗೆ ಕಾರಿನ್ ತಾಯಿಯ ತಲೆ ಬಾಚಿದಳು. ಬೈತಲೆ ಓರೆಯಾಯಿತು. "ಇರಲಿ" ಎಂದು ಐಲಿ ಅದರ ಮೇಲೇ ಟೋಪಿ ಹಾಕಿಕೊಂಡಳು.

ಚರ್ಚು ತುಂಬಿ ಹೊರಗಿನ ಹಿಮದಲ್ಲೂ ಜನ ನಿಂತಿದ್ದರು. ಅವನ ಬಸ್ಸಿನಲ್ಲಿ ಹೋಗಿ ದೊಡ್ಡವರಾದವರು ಈಗ ತಮ್ಮ ಮಕ್ಕಳ ಕೈ ಹಿಡಿದು ಬಂದಿದ್ದರು. ಕಾರಿನ್ ಅಪ್ಪನದೇ ರೇಡಿಯೊ ಎತ್ತಿಕೊಂಡಳು.

"ಹದಿನಾಲ್ಕು."

ದಳದವರ ಸೊಂಟದ ರೇಡಿಯೊಗಳೆಲ್ಲ ಅವಳ ದನಿಯನ್ನು ಮರಳಿ ನುಡಿದು ಸುಮ್ಮನಾದವು.

"ಹದಿನಾಲ್ಕು."

ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ರೇಡಿಯೊ ತಾನೇ ಮಾತಾಡಿತು. ಕಾರಿನ್‌ಳ ಬದಲಿಗೆ ಕರೆಯ ಕೊಠಡಿಯಲ್ಲಿ ಕೂತಿದ್ದ ರೋಸಲಿನ್‌ಳ ದನಿ ಅದು, ಅಳುವೇ ಆಗಿತ್ತು. "ಕ್ಷಮಿಸೇ ಕಾರಿನ್. ಗಿರಣಿ ರಸ್ತೆಲಿ ಸೈಮಾ ಅಜ್ಜಿ ಮನೆಗೆ ಬೆಂಕಿ. ಅಜ್ಜಿ ಒಳಗಿದ್ದಾಳೆ. ನಿಮ್ಮ ಬದಲಿಗೆ ಕಾಯ್ತಿದ್ದ ಪಕ್ಕದೂರಿನವರು ಇನ್ನೊಂದು ಕಡೆ ಸಿಕ್ಕಿಕೊಂಡಿದಾರೆ."

ಗಂಡಸರು ಡುವೇನ್‌ನ ಮುಖ ನೋಡಿದರು. ಡುವೇನ್ ಪೆಟ್ಟಿಗೆ ನೋಡಿದ, ಆಮೇಲೆ ಐಲಿಯನ್ನು.

"ಏನ್ರೋ ನೋಡ್ತಾ ನಿಂತಿದೀರಿ?" ಎಂದು ಐಲಿ ಎದ್ದು ನಿಂತಳು. "ಅವನಾಗಿದ್ರೆ ಇಷ್ಟೊತ್ತಿಗೆ ಅರ್ಧ ದಾರಿ ದಾಟಿರ್ತಿದ್ದ. ಓಡಿ! ಅವನೆಲ್ಲಿಗೂ ಹೋಗಲ್ಲ, ನಾನು ನೋಡ್ಕೋತೀನಿ."

ಕೋಟು ಟೈಗಳಲ್ಲೇ ಓಡಿದರು. ಪೆಟ್ಟಿಗೆ ಹೊರಬೇಕಾದವರೆಲ್ಲ ಬೆಂಕಿಗೆ ಹೋದ ಮೇಲೆ ಚರ್ಚಿನಲ್ಲಿ ಉಳಿದದ್ದು ಹೆಂಗಸರು, ಮಕ್ಕಳು, ಅರ್ವೋ. ಐಲಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತಳು. ಗಂಡನಿಗಾಗಿ ಕಾಯುವುದು ಅವಳಿಗೆ ಹೊಸದಲ್ಲ. ಅವನನ್ನೇ ಪಕ್ಕದಲ್ಲಿಟ್ಟುಕೊಂಡು ಕಾದದ್ದು ಇದೇ ಮೊದಲು. ಕಾರಿನ್‌ಗೆ ನಾಚಿಕೆಯಾಗುವಷ್ಟು ಸಮಾಧಾನವಾಗಿತ್ತು. ಮೂರನೇ ಕರೆ ಬಾಕಿಯಿರುವ ತನಕ ಅಪ್ಪ ಪೂರ್ತಿ ಹೋಗಿಲ್ಲ. ಈ ಬೆಂಕಿ ಇನ್ನೂ ಸ್ವಲ್ಪ ಹೊತ್ತು ಉರಿಯಲಿ ಎಂದು ಒಂದು ಗಳಿಗೆ ಅವಳ ಮನಸ್ಸು ಬಯಸಿತು.

ಅವರು ಮರಳಿದಾಗ ಬಿಳಿ ಅಂಗಿಗಳೆಲ್ಲ ಮಸಿಯಾಗಿದ್ದವು. ನಡುವೆ, ಕಂಬಳಿ ಸುತ್ತಿಕೊಂಡು, ಡುವೇನ್‌ನ ತೋಳು ಹಿಡಿದು, ಸೈಮಾ ಅಜ್ಜಿ. ಆಸ್ಪತ್ರೆಗೆ ಆಮೇಲೆ ಹೋದರಾಯಿತು ಎಂದು ಹಟ ಮಾಡಿ ಬಂದಿದ್ದಳು. ನೇರ ಪೆಟ್ಟಿಗೆಯ ಹತ್ತಿರ ಹೋಗಿ ನಿಂತಳು.

"ಚಿಮಣಿಲಿ ಮಸಿ ಕಟ್ಟಿತ್ತು ಕಣೇ ಐಲಿ. ಪ್ರತಿ ವರ್ಷ ಇವನೇ ಬಂದು ಉಜ್ಜೋನು. ಈ ಸಲ ಹಿಮ ಬೇಗ ಬಿತ್ತು, ಆದ್ರೂ ಬರ್ತಾನೆ ಅಂತ ಕಾಯ್ತಾ ಇದ್ದೆ. ಸತ್ತ ಅಂತ ಗೊತ್ತಿದ್ರೂ ಕಾಯ್ತಾನೇ ಇದ್ದೆ ನೋಡು, ನನ್ನ ಬುದ್ಧಿಗಿಷ್ಟು."

ಕಾರಿನ್‌ಗೆ ಅಷ್ಟು ಸಾಕಾಯಿತು. ಅಪ್ಪ ಬರಲಿಲ್ಲ. ಒಂದು ಮುದುಕಿ ಕಾದಳು, ಮನೆಗೆ ಬೆಂಕಿ ಬಿತ್ತು, ಆದರೂ ಅಪ್ಪ ಬರಲಿಲ್ಲ. ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕು ಅವಳಿಗೆ? ರೇಡಿಯೊ ಎತ್ತಿದಳು. ಹೆಬ್ಬೆರಳು ಗುಂಡಿಯ ಮೇಲಿತ್ತು, ಒತ್ತಲು ಆಗಲೊಲ್ಲದು.

ಐಲಿ ಸೊಟ್ಟ ಬೆರಳುಗಳಿಂದ ಅದನ್ನು ಈಸಿಕೊಂಡಳು. ಅಷ್ಟು ವರ್ಷ ಮನೆಯಲ್ಲಿದ್ದರೂ ಆ ರೇಡಿಯೊವನ್ನು ಅವಳು ಮುಟ್ಟಿದವಳಲ್ಲ. ಎರಡೂ ಕೈಯಲ್ಲಿ ಗುಂಡಿ ಅದುಮಿ ಬಾಯಿಗೆ ಹಿಡಿದಳು. ನಂಬರು ಹೇಳಲಿಲ್ಲ.

"ಅರ್ವೋ, ಊಟ ಆರಿ ಹೋಗ್ತಾ ಇದೆ ಕಣೋ. ಬಾರೋ."

ಚರ್ಚಿನೊಳಗೆ, ಹೊರಗೆ ನಿಂತ ಗಾಡಿಗಳಲ್ಲಿ, ಜಿಲ್ಲೆಯ ಉದ್ದಕ್ಕೂ ಆ ಮಾತು ಕೇಳಿಸಿತು. ಎಲ್ಲರೂ ಕಾದರು. ಯಾರೂ ಓಗೊಡಲಿಲ್ಲ. ಆಗ ಐಲಿ ಅತ್ತಳು, ಪೆಟ್ಟಿಗೆಯ ಮೇಲೆ ಬಿದ್ದು, ಟೋಪಿ ಜಾರಿ, ಆ ಓರೆ ಬೈತಲೆ ಎಲ್ಲರಿಗೂ ಕಾಣುವಂತೆ.

ಕಾರಿನ್ ತಾಯಿಯ ಕೈಯಿಂದ ರೇಡಿಯೊ ತೆಗೆದುಕೊಂಡಳು.

"ಹದಿನಾಲ್ಕರಿಂದ ಉತ್ತರವಿಲ್ಲ" ಎಂದಳು. "ಇವರ ಕೆಲಸ ಮುಗಿಯಿತು. ನಾವು ನೋಡ್ಕೋತೀವಿ. ನೀನಿನ್ನು ಹೋಗು, ಅಪ್ಪ."

ರೇಡಿಯೊದಲ್ಲಿ ಅವಳು ಅವನನ್ನು ಅಪ್ಪ ಎಂದು ಕರೆದದ್ದು ಅದೇ ಮೊದಲು. ಡುವೇನ್ ಗದರಲಿಲ್ಲ. ಮಸಿ ಕೈಗಳನ್ನು ಕೋಟಿಗೆ ಒರೆಸಿಕೊಂಡು, ಪೆಟ್ಟಿಗೆಯ ತಲೆಯ ಕಡೆಗೆ ಹೋಗಿ ಹಿಡಿ ಹಿಡಿದ.