ಕಾಂತಾಳ ಎಡಗೈ

ಹಿರಿಮಗಳು ಕಾಂತಾ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದಳು. ಕೈ ಮೆಲ್ಲಗೆ ಕೆಳಗೆ ಜಾರಿತು. ಬಲಗೈಯಿಂದ ಅದನ್ನೆತ್ತಿ ಮತ್ತೆ ಎದೆಯ ಮಟ್ಟಕ್ಕೆ ತಂದಳು. ಅಡುಗೆಮನೆಯಿಂದ ನೋಡಿಯೂ ನೋಡದವಳಂತೆ ರೊಟ್ಟಿ ತಿರುವಿದೆ.

ಶ್ರಾವಣದಲ್ಲಿ ಹೀಗೇ ಆದಾಗ, "ನಲವತ್ತೈದಕ್ಕ ಮುದುಕಿ ಆದಿಯೇನ? ಕೈ ನೆಟ್ಟಗ ಹಿಡಿ" ಎಂದು ಗದರಿದ್ದೆ. ಅವಳ ಕಣ್ಣುರೆಪ್ಪೆ ನೇರಳೆಯಾಗಿ, ಬೆರಳ ಗೆಣ್ಣುಗಳ ಮೇಲೆ ಕೆಂಪು ಗುಳ್ಳೆ ಎದ್ದಾಗ ವಿಭೂತಿಯದೇ ತಪ್ಪು ಅಂದುಕೊಂಡು ಬೇರೆ ಅಂಗಡಿಯ ವಿಭೂತಿ ತಂದುಕೊಟ್ಟೆ. ಅದೂ ಆಗದಿದ್ದಾಗ ಇನ್ನೊಂದು. ಎರಡು ತಿಂಗಳು ಅದರಲ್ಲೇ ಹೋಯಿತು. ಕೊನೆಗೆ ಖಾನಾಪುರದ ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯಲು ಅವಳ ಕೈ ಏಳಲಿಲ್ಲ.

ಬೆಳಗಾವಿಯ ಡಾಕ್ಟರಮ್ಮ ಹೆಸರು ಹೇಳಿದರು: ಡರ್ಮಟೊಮಯೊಸೈಟಿಸ್. "ಚರ್ಮಕ್ಕ, ಸ್ನಾಯುಕ್ಕ ಬರೋ ಅಪರೂಪದ ಉರಿಯೂತರೀ. ಈ ವಯಸ್ಸಿನಾಗ ಬಂದ್ರ ಕೆಲವರಿಗೆ ಒಳಗ ಎಲ್ಲೋ ಕ್ಯಾನ್ಸರ್ ಇರತೈತಿ. ಇಲ್ಲದೇನೂ ಇರಬಹುದು. ಹುಡುಕಿ ನೋಡಬೇಕು."

ಗುಳಿಗೆ ಶುರುವಾಗಿ ಮೂರು ವಾರ. ಕೆಂಪು ಇಳಿದಿದೆ. ಅದೇ ಈಗ ತೊಂದರೆಯಾಗಿದೆ. ಇವತ್ತು ಹತ್ತಕ್ಕೆ ಸ್ಕ್ಯಾನ್ ಅಂತ ನಿನ್ನೆಯೇ ಬೆಳಗಾವಿಯ ಶಹಾಪುರದ ನನ್ನ ಮನೆಗೆ ಬಂದವಳು ಪೂಜೆ ಮುಗಿಸಿ ಎದ್ದು, "ಆರಾಮ ಆಗೇನಿ ಅವ್ವಾ. ನಾ ಬರೂದಿಲ್ಲ" ಅಂದಳು.

"ಯಾಕ?"

"ಕೊರಳಾಗಿಂದೆಲ್ಲಾ ತಗಸ್ತಾರಂತ. ಲಿಂಗ ಮೈಮ್ಯಾಲಿಂದ ಇಳಸಬಾರದು ಅಂತ ನೀನಽ ಹೇಳೀದಿ."

ಖರೇ, ನಾನೇ ಹೇಳಿದ್ದು. ಹಾಲು ಉಕ್ಕಿತು. ಒರೆಸಲು ಹೋಗಿ ಬಟ್ಟೆ ಮರೆತೆ, ಬಟ್ಟೆ ತರಲು ಹೋಗಿ ಯಾಕೆ ಬಂದೆನೆಂದು ಮರೆತೆ. ಪೆಟ್ಟಿಗೆ ತೆರೆದವಳು ಹಳೆಯ ಧೋತರದ ಅಂಚು ಹರಿದೆ.

"ಲಿಂಗ ಇಡೂ ಬೆಳ್ಳಿ ಕರಡಿಗಿ ನನ್ನ ಕಡೆ ಇರ್ಲಿ. ಲಿಂಗ ಅರಿವ್ಯಾಗ ಸುತ್ತಿ ನಿನ್ನ ಮುಂಗೈಗೆ ಕಟ್ಟತೇನಿ. ಮೈಮ್ಯಾಲೆ ಇದ್ದಾಂಗ ಆತು."

"ಇದನ್ಯಾವ ಸ್ವಾಮಿಗೋಳು ಹೇಳ್ಯಾರ?"

"ಇವತ್ತ ನಾನಽ ಸ್ವಾಮಿ. ಕೈ ಕೊಡು."

ಅವಳು ನಕ್ಕಳು. ಕೈ ಮಾತ್ರ ಕೊಡಲಿಲ್ಲ. "ಒಳಗ ಗಡ್ಡಿ ಇದ್ರ, ಅವ್ವಾ?"

ಆ ಹೆದರಿಕೆ ಇಷ್ಟು ಹೊತ್ತು ಲಿಂಗದ ಹಿಂದೆ ಅಡಗಿ ಕೂತಿತ್ತು.

"ಇದ್ರ ಇವತ್ತಽ ಗೊತ್ತಾಗ್ಲಿ. ವಿಭೂತಿ ಬದಲಿಸ್ಕೋತ ನಾನು ನಿನ್ನ ಎರಡು ತಿಂಗಳ ಕಳದೇನಿ. ಇನ್ನ ಒಂದ ದಿನಾನೂ ಕಳ್ಯಾಕ ಒಲ್ಲೆ."

ಕಾಂತಾ ಕೈ ಚಾಚಿದಳು.

ಸ್ಕ್ಯಾನ್ ಕೋಣೆಯವನು ಮುಂಗೈಯ ಗಂಟು ಮುಟ್ಟಿ ನೋಡಿದ. "ಲೋಹ ಇಲ್ಲಲ್ಲರೀ?" ಇಲ್ಲ ಅಂದೆ. "ಹಂಗಾದ್ರ ನಡೀತೈತಿ. ಅಕ್ಕಾರ, ಎರಡೂ ಕೈ ತಲಿ ಮ್ಯಾಲೆ ಎತ್ತಿ ಮಲಕೋರಿ. ಮುಗಿಯೂಮಟ ಇಳಸಬಾರದು."

ಇದನ್ನು ನಾನು ಯೋಚಿಸಿರಲಿಲ್ಲ. ಕಾಂತಾ ನನ್ನ ಮುಖ ನೋಡಿದಳು. "ಆಕಿ ಕೈ ನಿಲ್ಲೂದಿಲ್ಲಪ್ಪಾ" ಅಂದೆ. ಅವನು ಮೊಳಕೈ ಕೆಳಗೆ ದಿಂಬು ಇಟ್ಟು ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ.

ಕೂತೆ. ಎದ್ದೆ. ಬಾಗಿಲಿನ ಮೇಲಿನ ಕೆಂಪು ದೀಪ ನೋಡಿದೆ. ಬುತ್ತಿಗೆ ಚಟ್ನಿ ಹಾಕಿದೆನೋ ಇಲ್ಲವೋ ಎಂದು ಬಿಚ್ಚಿ ನೋಡಿ ಮತ್ತೆ ಕಟ್ಟಿದೆ. ಖಾಲಿ ಕರಡಿಗೆ ಎಡ ಅಂಗೈಯಲ್ಲಿತ್ತು. ಕೈ ಎದೆಯ ಮಟ್ಟಕ್ಕೆ ಯಾವಾಗ ಏರಿತ್ತೋ ತಿಳಿಯದು, ಭುಜ ನೋಯತೊಡಗಿದಾಗಲೇ ಕಂಡದ್ದು. ಇಳಿಸಲು ಮನಸ್ಸಾಗಲಿಲ್ಲ.

ಬಾಗಿಲು ತೆರೆಯಿತು. ಕಾಂತಾ ಗೋಡೆ ಹಿಡಿದು ಬಂದಳು. "ಇಳಸ್ಲಿಲ್ಲ ಅವ್ವಾ."

ರಿಪೋರ್ಟು ನಾಲ್ಕಕ್ಕೆ ಅಂದರು. ಬೆಂಚಿನ ಮೇಲೆ ಕೂತು ಅವಳ ಮುಂಗೈಯ ಗಂಟು ಬಿಚ್ಚಲು ಹೋದೆ.

"ಇರ್ಲಿ ಬಿಡು" ಅಂದಳು. "ಡಾಕ್ಟರಮ್ಮ ಮತ್ತೊಂದು ತಪಾಸಣಿ ಬರದುಕೊಟ್ರ ತಿರುಗಿ ಕಟ್ಟಬೇಕಾಗತೈತಿ. ಮೊದಲ ಬುತ್ತಿ ಬಿಚ್ಚು."