ಬನ್ನಿಗಿಡದ ಬುಡದ ಕೆಂಪು ನೀರು

ನಾನು ಒಂದು ಕಲ್ಲು. ನಾನು ಹುಟ್ಟಿದಾಗ ಭೂಮಿ ಇನ್ನೂ ಪೂರ್ತಿ ರೂಪುಗೊಂಡಿರಲಿಲ್ಲ. ಎಳೆಯ ಸೂರ್ಯನ ಸುತ್ತ ಸುಳಿಯುತ್ತಿದ್ದ ಧೂಳು ಗಂಟುಕಟ್ಟಿ ನಮ್ಮ ಸಂಸಾರವಾಯಿತು. ಧೂಳು ಹೆಚ್ಚಾಗಿ ದೊರಕಿದವರು ಗ್ರಹಗಳಾದರು. ಅವರಲ್ಲಿ ಹಲವರಿಗೆ ಚಂದ್ರರು ಜೊತೆಯಾದರು. ಬಹುದೂರದಲ್ಲಿ ಉಳಿದವರು ಹಿಮದ ಮುದ್ದೆಗಳಾದರು. ಅವರಲ್ಲಿ ಕೆಲವರು ಎಂದಾದರೊಮ್ಮೆ ಸೂರ್ಯನ ಹತ್ತಿರ ಬಂದು, ಕಾದು, ಬಾಲ ಬಿಚ್ಚಿ ಧೂಮಕೇತುಗಳೆನಿಸಿಕೊಳ್ಳುತ್ತಾರೆ. ಮಂಗಳನಿಗೂ ಗುರುವಿಗೂ ನಡುವೆ ಇದ್ದ ನಾವು ಗ್ರಹವಾಗಲೇ ಇಲ್ಲ. ಗುರುವಿನ ಸೆಳೆತ ನಮ್ಮನ್ನು ಒಂದಾಗಲು ಬಿಡಲಿಲ್ಲ. ಜನ ನಮ್ಮನ್ನು ಕ್ಷುದ್ರಗ್ರಹಗಳೆಂದರು. ಹೆಸರಿನ ಬಗ್ಗೆ ನನಗೆ ಬೇಸರವಿಲ್ಲ.

ಒಂದು ಡಿಕ್ಕಿಯಲ್ಲಿ ನಾನು ಒಡೆದು ಬೇರೆಯಾದೆ. ಬಹುಕಾಲ ಒಂಟಿಯಾಗಿ ಸುತ್ತಿ, ಒಂದು ಮಧ್ಯಾಹ್ನ ಕೃಷ್ಣೆಯ ದಂಡೆಯ ಕಡಲೆ ಹೊಲಕ್ಕೆ ಬಿದ್ದೆ.

ಹೊಲದ ಒಡೆಯ ಶಿವಪುತ್ರಪ್ಪ, ಆಕಾಶದಿಂದ ಬಂದದ್ದು ದೇವರೇ ಎಂದು ನನ್ನನ್ನು ಎದೆಗವಚಿಕೊಂಡು ಹೋಗಿ, ಬನ್ನಿಗಿಡದ ಬುಡದಲ್ಲಿ ಕಟ್ಟೆ ಕಟ್ಟಿ ಕೂರಿಸಿದ. ದಿನವೂ ಸ್ನಾನ ಮಾಡಿ, ಒದ್ದೆ ಮೈಯಲ್ಲೇ ಬಂದು ಒಂದು ತಂಬಿಗೆ ನೀರೆರೆಯುತ್ತಿದ್ದ. ಅವನು ತೀರಿಕೊಂಡ ಮೇಲೆ ಹೆಂಡತಿ ಸಾವಂತ್ರೆವ್ವ ಆ ತಂಬಿಗೆ ಹಿಡಿದಳು. ಒಂದು ಹೊತ್ತಿನ ನೀರು ಅವಳಿಗೆ ಸಾಲಲಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎರೆದಳು.

ಬರಬರುತ್ತ ನನ್ನ ಮೈಯಿಂದ ಇಳಿಯುವ ನೀರು ಕೆಂಪಾಯಿತು. ಕುಂಕುಮ ಅಳಿಸಿಕೊಂಡ ಹಣೆಗೆ ಅವಳು ಅದನ್ನು ಮುಟ್ಟಿಸಿಕೊಂಡಳು. ಗಂಡನೇ ಕಳಿಸಿದ್ದೆಂದು ನಂಬಿದಳು. ವಿಧವೆಯ ಹಣೆಯಲ್ಲಿ ಇದೇನು ಎಂದು ಓಣಿಯ ಹೆಂಗಸರು ಆಡಿಕೊಂಡರು. ಅವಳು ಇನ್ನಷ್ಟು ನೀರು ಎರೆದಳು.

ಅವಳ ಅಣ್ಣನ ಮಗಳು ಅನ್ನಪೂರ್ಣ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವವಳು. ಒಮ್ಮೆ ಬಂದವಳು ನನ್ನ ಬುಡದಲ್ಲಿ ಉದುರಿದ ಹಕ್ಕಳೆಗಳನ್ನು ಕೈಗೆತ್ತಿಕೊಂಡು ನೋಡಿದಳು.

“ಅತ್ತಿ, ಇದು ಕುಂಕುಮ ಅಲ್ಲ. ಇದರಾಗ ಕಬ್ಬಿಣ ಐತಿ, ತುಕ್ಕ ಹಿಡದೈತಿ. ನೀ ನೀರ ಹಾಕಿದಷ್ಟೂ ಇದು ಮಣ್ಣಾಗತೈತಿ.”

ಸಾವಂತ್ರೆವ್ವ ನನ್ನ ಸುತ್ತ ಎರಡೂ ಅಂಗೈ ಬಳಸಿದಳು. ಗಂಡ ಇದ್ದಾಗ ಬೆರಳಿಗೆ ಬೆರಳು ತಾಗುತ್ತಿರಲಿಲ್ಲ. ಈಗ ತಾಗಿತು. ಅವನು ಎದೆಗವಚಿ ತಂದದ್ದನ್ನು ತಾನೇ ಕರಗಿಸಿದೆನೆಂದು ಅವಳಿಗೆ ಅರಿವಾಯಿತು. ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಗಾಳಿಯ ತೇವ ತಾಗದ ಗಾಜಿನ ಪೆಟ್ಟಿಗೆಯಿದೆ, ಅಲ್ಲಿಟ್ಟರೆ ಉಳಿದಷ್ಟಾದರೂ ಉಳಿಯುತ್ತದೆ ಎಂದಳು ಅನ್ನಪೂರ್ಣ. ಸಾವಂತ್ರೆವ್ವ ತಂಬಿಗೆಯನ್ನು ಬದಿಗಿಟ್ಟು ಕಟ್ಟೆಯ ಮೇಲೆ ಕೂತಳು.

“ಮ್ಯಾಲ ಇದ್ದಾಗ ಇದಕ್ಕ ನೀರ ಯಾರ ಹಾಕ್ತಿದ್ರ?”

“ಯಾರೂ ಇಲ್ಲತ್ತಿ.”

“ಹಂಗಾರ ಒಯ್ಯವಾ. ನಾ ಹಾಕಿದ್ದ ಭಾಳಾತು.”

ಕೂರಿಸಿದ ದೇವರನ್ನು ಹಾಗೆಯೇ ಎತ್ತುವಂತಿಲ್ಲ. ಅವಳು ಅಕ್ಷತೆ ಹಾಕಿ, ನನ್ನನ್ನು ಉತ್ತರಕ್ಕೆ ತುಸು ಸರಿಸಿ, ಹೋಗಿ ಬಾ ಎಂದಳು. ಆಮೇಲೆ ಸೆರಗಿನಿಂದ ನನ್ನ ಮೈ ಒರೆಸಿದಳು. ಗಂಡನ ಹೆಣ ಎತ್ತುವಾಗ ಅಳದಿದ್ದವಳು ಅಂದು ಅತ್ತಳು.

ಈಗ ನಾನು ಗಾಜಿನೊಳಗಿದ್ದೇನೆ. ಎದುರಿನ ಗೋಡೆಯ ಮೇಲೆ ಸೂರ್ಯನಿಂದ ಧೂಮಕೇತುವಿನವರೆಗೆ ನನ್ನ ಬಂಧುಗಳ ಚಿತ್ರಗಳಿವೆ. ಸಾವಂತ್ರೆವ್ವ ಹಣೆಗೆ ವಿಭೂತಿ ಧರಿಸಿ ವರ್ಷಕ್ಕೊಮ್ಮೆ ಬರುತ್ತಾಳೆ. ಮುಟ್ಟುವಂತಿಲ್ಲ. ಗಾಜಿನಾಚೆಯಿಂದ ನೋಡಿ, ಕೈ ಮುಗಿದು ಹೋಗುತ್ತಾಳೆ. ಶಿವನ ಸೃಷ್ಟಿಯಲ್ಲಿ ಉಳಿಯುವುದೆಂಬುದು ಯಾವುದೂ ಇಲ್ಲ. ಸೂರ್ಯನೂ ಒಂದು ದಿನ ಆರುತ್ತಾನೆ. ಆದರೂ ಸದ್ಯಕ್ಕೆ ನಾನು ಸವೆಯುತ್ತಿಲ್ಲ. ಅವಳು ಮಾತ್ರ ಪ್ರತಿ ಸಲವೂ ಇನ್ನಷ್ಟು ಸವೆದು ಬರುತ್ತಾಳೆ.