ಮಾಬುಬಿಯ ಪಿಂಗಾಣಿ ಗೊಂಬೆ

ಮಗಳು ಶಂಕ್ರೆವ್ವ ಹೆರಿಗೆಯಲ್ಲಿ ಕೂಸಿನೊಂದಿಗೆ ತೀರಿಕೊಂಡು ವರ್ಷ ತುಂಬುವುದರೊಳಗೆ ಅಳಿಯ ಚಂದ್ರಶೇಖರ ಬಬಲೇಶ್ವರದಲ್ಲಿ ಮತ್ತೊಂದು ಮದುವೆಯಾದ. ತಪ್ಪೆಂದು ಯಾರೂ ಅನ್ನಲಿಲ್ಲ. ಹೆತ್ತವ್ವ, ತಿಕೋಟಾದ ರೇಣುಕವ್ವನೂ ಅನ್ನಲಿಲ್ಲ. ಮಗಳಿಗೆ ಮಣ್ಣು ಕೊಟ್ಟು ಬಂದ ದಿನವೇ ಆಕೆ ದನಕ್ಕೆ ಮೇವು ಹಾಕಿದ್ದಳು, ಮರುದಿನ ರೊಟ್ಟಿ ಬಡಿದಿದ್ದಳು. ಗಟ್ಟಿ ಹೆಣ್ಣುಮಗಳು ಎಂದು ಊರವರು ಹೊಗಳಿದರು. ಗಟ್ಟಿಯಲ್ಲ, ಒಳಗೆಲ್ಲ ಜೋಮು ಹಿಡಿದಂತಾಗಿತ್ತು, ಅಷ್ಟೆ.

ಒಂದು ದಿನ ಗಂಡ ಗುರಲಿಂಗಪ್ಪ ಬೀಗರ ಮನೆಯಿಂದ ಮಗಳ ಟ್ರಂಕನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದ. ಸೀರೆಗಳ ನಡುವೆ, ಹೊಸ ಕುಪ್ಪಸದ ಖಣದಲ್ಲಿ ಸುತ್ತಿದ ಪಿಂಗಾಣಿ ಗೊಂಬೆಯಿತ್ತು: ಬಿಳಿ ಲಂಗ ಹರಡಿಕೊಂಡು, ಒಂದು ಕಾಲೆತ್ತಿ ಕುಣಿಯುವ ಪರದೇಶದ ಹುಡುಗಿ.

"ಈ ಖಣ ಯಾರದು?" ರೇಣುಕವ್ವ ಕೇಳಿದಳು.

"ಹೊಸಾ ಸೊಸಿದು. ಪರಸವ್ವ ಅಂತ. ಹಾದ್ಯಾಗ ಒಡದೀತು ಅಂತ ತಾನ ಸುತ್ತಿ ಕೊಟ್ಲು. ಅಕಿ ತಾಯಿಲ್ಲದ ಹುಡುಗಿ, ಪಾಪ."

ಗೊಂಬೆ ಮೊದಲು ವಿಜಾಪುರದಲ್ಲಿದ್ದ ಇಂಗ್ಲಿಷ್ ಜಡ್ಜನೊಬ್ಬನ ಹೆಂಡತಿಯದು. ಆಕೆ ವಿಲಾಯತಿಗೆ ಹೊರಟಾಗ ಮನೆಗೆಲಸದ ಮಾಬುಬಿಗೆ ಕೊಟ್ಟು ಹೋದಳು. ಯುದ್ಧದ ಕಾಲದಲ್ಲಿ ಕಾಳು ಸಿಗದಾದಾಗ ಮಾಬುಬಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಿಕೋಟಾಕ್ಕೆ ನಡೆದು ಬಂದಿದ್ದಳು. ಅದನ್ನಿಟ್ಟುಕೊಂಡು ಗುರಲಿಂಗಪ್ಪ ಒಂದು ಚೀಲ ಜೋಳ ಕೊಟ್ಟ. ಶಂಕ್ರೆವ್ವ ಅಂದಿನಿಂದ ಗೊಂಬೆಯನ್ನು ಯಾರ ಕೈಗೂ ಕೊಡಲಿಲ್ಲ. ಗಂಡನ ಮನೆಗೂ ಒಯ್ದಳು. "ಯಾವಾಗ ಬೇಕಾದ್ರೂ ಬಂದು ಒಯ್ಯಿ, ಮಾಬುಬಿ" ಎಂದು ರೇಣುಕವ್ವ ಜೋಳ ಕೊಟ್ಟ ದಿನವೇ ಹೇಳಿದ್ದಳು. ಮಾಬುಬಿ ಬಂದಿರಲಿಲ್ಲ.

ಈಗ ರೇಣುಕವ್ವ ಗೊಂಬೆ ಹಿಡಿದು ತಾನೇ ಹೋದಳು. ವಿಜಾಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಮಗ್ಗುಲಿನ ಖೋಲಿಯಲ್ಲಿ ಮಾಬುಬಿ ಕೌದಿ ಹೊಲಿಯುತ್ತ ಕೂತಿದ್ದಳು. ಮುಂದಿಟ್ಟ ಗೊಂಬೆಯನ್ನು ನೋಡಿದಳು, ಮುಟ್ಟಲಿಲ್ಲ.

"ಮಗಳು ಹೋದ್ಲಂತ ಕೇಳಿದ್ನಿರಿ. ಬರಾಕ ಕಾಲ ಏಳಲಿಲ್ಲ."

"ಇರಲಿ. ನಿನ್ನ ಗೊಂಬಿ ನೀ ತಗೋ."

"ನಾ ಏನ ಮಾಡ್ಲಿರಿ? ಮಗ ಯಾಕೂಬ ಸಣ್ಣಾವಿದ್ದಾಗ ಇದನ್ನ ತೋರಿಸಿ ಉಣಸ್ತಿದ್ನಿ. ದಂಡಿಗೆ ಹ್ವಾದ. ಬರ್ಮಾದಾಗ ಸತ್ತಾನಂತ ತಿಳಿಸ್ಯಾರ."

ಮಾಬುಬಿಯ ಸೂಜಿ ಓಡುತ್ತಲೇ ಇತ್ತು. ಆಮೇಲೆ ಅದನ್ನು ನಿಲ್ಲಿಸಿ, ಗೊಂಬೆಗೆ ಸುತ್ತಿದ್ದ ಬಟ್ಟೆಯ ಅಂಚು ಮುಟ್ಟಿ, "ಖಣ ಚೊಲೋ ಅದ, ಯಾರ ಸುತ್ಯಾರ?" ಎಂದು ಕೇಳಿದಳು. ರೇಣುಕವ್ವ ಹೇಳಿದಳು.

"ಹಂಗಾದ್ರ ಅಕಿಗೇ ಕೊಡ್ರಿ. ನಾವಿಬ್ರೂ ಇಟಗೊಂಡು ಬರೇ ನೋಡಕೋತ ಕುಂದ್ರೋರು."

ಅಲ್ಲಿಂದಲೇ ರೇಣುಕವ್ವ ಮೋಟಾರು ಹತ್ತಿ ಬಬಲೇಶ್ವರಕ್ಕೆ ಹೋದಳು. ಪರಸವ್ವ ಒಬ್ಬಳೇ ಕಾಳು ಹಸನು ಮಾಡುತ್ತಿದ್ದಳು. ಬಂದವರು ಯಾರೆಂದು ತಿಳಿದು ಕಾಲು ಮುಟ್ಟಿದಳು. ಗೊಂಬೆ ಕಂಡದ್ದೇ ಮುಖ ಸಣ್ಣದಾಯಿತು.

"ನಾ ಏನರ ತಪ್ಪ ಮಾಡೇನೇನ್ರಿ?"

"ಇಲ್ಲವ್ವ. ನಿನಗಂತ ತಂದೇನಿ."

ಹುಡುಗಿ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅಕ್ಕ ಇದನ್ನ ಎಲ್ಲಿ ಇಡತಿದ್ಲು ಅಂತ ನನಗ ಗೊತ್ತಿಲ್ರಿ. ನಾ ಬರೂದ್ರಾಗ ಟ್ರಂಕಿನಾಗ ಇತ್ತು. ನೀವ ಹೇಳ್ರಿ."

ರೇಣುಕವ್ವನಿಗೂ ಗೊತ್ತಿರಲಿಲ್ಲ. ಆ ಮನೆಗೆ ಆಕೆ ಬಂದದ್ದು ಮಗಳನ್ನು ಮನೆ ತುಂಬಿಸುವಾಗ, ಆಮೇಲೆ ಮಣ್ಣಿಗೆ.

"ನಿನಗ ಬೇಕಾದಲ್ಲಿ ಇಡು" ಎಂದಳು.

ಪರಸವ್ವ ಕಿಟಕಿಯಲ್ಲಿಟ್ಟು ನೋಡಿದಳು, ಬೆಕ್ಕು ಕೆಡವೀತೆಂದು ಅಲ್ಲಿಂದ ತೆಗೆದು ಗೋಡೆಯ ಮಾಡದಲ್ಲಿಟ್ಟಳು. ಆಮೇಲೆ ಊಟಕ್ಕೆ ಬಡಿಸಿದಳು. ರೊಟ್ಟಿ ನೀಡುತ್ತ, ತಲೆ ಎತ್ತದೆ, "ಪಂಚಮಿಗೆ ನನ್ನ ತವರಿಗೆ ಕರಿಯಾಕ ಬರೋರು ಯಾರೂ ಇಲ್ರಿ" ಎಂದಳು.

ಏನಾದರೂ ಅನ್ನಿಸಬೇಕಿತ್ತು ಎಂದು ರೇಣುಕವ್ವನಿಗೆ ತಿಳಿಯಿತು. ಏನೂ ಅನ್ನಿಸಲಿಲ್ಲ. ತುತ್ತು ನುಂಗಿ, "ನಮ್ಮನಿಯವರನ್ನ ಕಳಸ್ತೀನಿ. ತಯಾರಾಗಿರು" ಎಂದಳು.

ಪಂಚಮಿಗೆ ಗುರಲಿಂಗಪ್ಪ ಹೋಗಿ ಕರೆತಂದ. ರೇಣುಕವ್ವ ಉಂಡಿ ಕಟ್ಟಿದಳು, ಬೇವಿನ ಗಿಡಕ್ಕೆ ಜೋಕಾಲಿ ಹಾಕಿಸಿದಳು. ಹುಡುಗಿ ಜೀಕುವುದನ್ನು ಕಟ್ಟೆಯ ಮೇಲೆ ಕೂತು ನೋಡಿದಳು.

"ಹಗ್ಗ ಹಳೇದದ. ಸಾವಕಾಶ ಜೀಕು" ಎಂದಳು ಒಮ್ಮೆ.